ಕಪ್ಪೆ ಯಾಕೆ ಸೀಟಿನಲ್ಲಿ ಕೂರಲಿಲ್ಲ

ನಮ್ಮೂರಿಗೆ ಇನ್ನೂ ಮೊಬೈಲ್ ಸಿಗ್ನಲ್ ಬಂದಿರದ ಕಾಲವದು. ಜೊಯಿಡಾದಿಂದ ಅಣಶಿ ಕಡೆಗೆ ಹೋಗುವ ರಸ್ತೆಯಿಂದ ಒಂದು ಕವಲು ದಾರಿ ಕಾಡಿನೊಳಕ್ಕೆ ಹೋಗಿ ಮುಗಿಯುವಲ್ಲಿ ನಮ್ಮೂರು. ಊರು ಅಂದರೆ ಹತ್ತಿಪ್ಪತ್ತು ಮನೆ, ಒಂದು ಶಾಲೆ, ಒಂದು ಹಲಸಿನ ಮರ, ಮರದ ಕೆಳಗೆ ಅವ್ವನ ಚಹಾದಂಗಡಿ. ದಾಂಡೇಲಿಯಿಂದ ಹೊರಟ ಕೊನೆಯ ಬಸ್ಸು ಹೊತ್ತು ಮುಳುಗಿದ ಮೇಲೆ ಬಂದು ಆ ಮರದ ಕೆಳಗೆ ನಿಂತರೆ ಬೆಳಗಿನವರೆಗೂ ಅಲ್ಲೇ. ಅದಕ್ಕೆ ವಸ್ತಿ ಬಸ್ಸು ಅನ್ನುತ್ತಿದ್ದೆವು. ಡ್ರೈವರು, ಕಂಡಕ್ಟರು ನಮ್ಮಲ್ಲಿ ಉಂಡು, ಬಸ್ಸಿನ ಸೀಟುಗಳ ಮೇಲೆಯೇ ಮಲಗಿ, ಬೆಳಕು ಹರಿಯುತ್ತಲೇ ಚಹಾ ಕುಡಿದು ಹೊರಡುತ್ತಿದ್ದರು. ನಿಮ್ಮೂರಿಗೂ ವಸ್ತಿ ಬಸ್ಸು ಬರುತ್ತಿದ್ದರೆ ಅದರ ಕಾದ ಇಂಜಿನ್ನಿನ ವಾಸನೆ ನಿಮಗೂ ಗೊತ್ತಿರುತ್ತದೆ. ನನಗಂತೂ ಈಗಲೂ ಡೀಸೆಲ್ ವಾಸನೆ ಬಂದರೆ ರೊಟ್ಟಿ ಬಡಿಯುವ ಸಪ್ಪಳ ನೆನಪಾಗುತ್ತದೆ.

ನಾವು ಮೂಲತಃ ಆ ಊರಿನವರಲ್ಲ, ಹಳಿಯಾಳದ ಕಡೆಯವರು. ಅಪ್ಪ ಕಟ್ಟಿಗೆ ಡಿಪೋದ ಕೆಲಸಕ್ಕೆಂದು ಅಲ್ಲಿಗೆ ಬಂದವರು, ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ತವರಿನಲ್ಲಿ ಅಣ್ಣತಮ್ಮಂದಿರ ಹಂಗಿನಲ್ಲಿ ಉಣ್ಣಲು ಅವ್ವ ಒಪ್ಪಲಿಲ್ಲ. ಅಂಗಡಿ ಹಾಕಿದಳು. ಅಪ್ಪ ಹೋದ ಮೇಲೆ ಅವಳು ಜನರೆದುರು ಅಳಲಿಲ್ಲ, ಆದರೆ ನಗುವುದನ್ನು ಪೂರ್ತಿ ಬಿಟ್ಟುಬಿಟ್ಟಳು. ಮಾತೂ ಅಷ್ಟೇ. ಹಾಲು ಉಕ್ಕಿತು ನೋಡು, ಕೊಡ ತಾ, ಮಲಕ್ಕೋ. ಇಡೀ ದಿನಕ್ಕೆ ಆಡಿದರೆ ಇಷ್ಟು.

ಊರಿನ ಮಕ್ಕಳೆಲ್ಲ ಕೊಂಕಣಿ ಮಾತಾಡುವವರು. ಕೆಟ್ಟವರಲ್ಲ ಪಾಪ, ಆಟಕ್ಕೆ ಕರೆಯುತ್ತಿದ್ದರು. ಆದರೆ ಆಟದ ರಭಸದಲ್ಲಿ ಅವರ ಮಾತು ನನ್ನನ್ನು ಬಿಟ್ಟು ಮುಂದೆ ಓಡಿಬಿಡುತ್ತಿತ್ತು. ಎಲ್ಲರೂ ನಕ್ಕಾಗ ಯಾಕೆ ನಕ್ಕರೆಂದು ತಿಳಿಯದೆ ಹಲ್ಲು ಕಿರಿದುಕೊಂಡು ನಿಂತಿರುತ್ತಿದ್ದೆ. ಕೊನೆಗೆ ಬೇಸರ ಬಂದು ಐದು ಸಣ್ಣ ಕಲ್ಲು ಆರಿಸಿಕೊಂಡು ಅಂಗಡಿಯ ಹಿಂದೆ ಒಬ್ಬಳೇ ಆಣಿಕಲ್ಲು ಆಡತೊಡಗಿದೆ. ಎರಡೂ ಕಡೆಯ ಪಾಳಿಯನ್ನು ನಾನೇ ಆಡುತ್ತಿದ್ದೆ. ಗೆದ್ದರೂ ನಾನೇ, ಸೋತರೂ ನಾನೇ. ಅಂಥ ಆಟದಷ್ಟು ಬೇಸರದ್ದು ಇನ್ನೊಂದಿಲ್ಲ.

ಆ ವರ್ಷದ ಚಳಿಗಾಲಕ್ಕೆ ವಸ್ತಿ ಬಸ್ಸಿನ ಮೇಲೆ ಹೊಸ ಕಂಡಕ್ಟರು ಬಂದರು. ಮುಂಡಗೋಡ ಕಡೆಯವರು, ಹೆಸರು ಈರಣ್ಣ. ಒಂದು ದಿನ ಬಿಟ್ಟು ಒಂದು ದಿನ ಅವರ ಪಾಳಿ. ಖಾಕಿ ಅಂಗಿಯ ಮೇಲೆ ಮಫ್ಲರ್ ಸುತ್ತಿಕೊಂಡು ಒಲೆಯ ಮುಂದೆ ಕೂತು, ಕೆಂಡದಲ್ಲಿ ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತ, ಮೊದಲ ದಿನವೇ ನನ್ನನ್ನು ಕರೆದರು.

"ಏ ತಂಗೀ, ಒಂದ ಆನಿ ಹುಣಸಿ ಗಿಡ ಏರಿ ಕುಂತಿತ್ತು. ಏನ್ ಮಾಡಿದ್ರೂ ಇಳೀವಲ್ದು. ಯಾಕ, ಹೇಳ ನೋಡೂಣು?"

"ಗೊತ್ತಿಲ್ರೀ ಕಾಕಾ."

"ವಿಚಾರ ಮಾಡು. ಮುಂಜಾನಿ ಹೇಳ್ತೇನಿ."

ಕೌದಿಯೊಳಗೆ ಮುದುಡಿಕೊಂಡು ಭಾರೀ ವಿಚಾರ ಮಾಡಿದೆ. ಕೆಳಗೆ ಹುಲಿ ಇದ್ದಿರಬೇಕು. ಕೊಂಬೆಗೆ ಸೊಂಡಿಲು ಸಿಕ್ಕಿರಬೇಕು. ಬೆಳಿಗ್ಗೆ ಮಂಜಿನಲ್ಲಿ ಬಸ್ಸಿನ ಹತ್ತಿರ ಹೋಗಿ ನಿಂತೆ. ಈರಣ್ಣ ಕಾಕಾ ಮೆಟ್ಟಿಲ ಮೇಲೆ ನಿಂತು ಸೀಟಿ ಊದಿ, ಬಸ್ಸು ಅಲುಗಿದ ಮೇಲೆಯೇ ಕತ್ತು ಹೊರಗೆ ಹಾಕಿ ಕೂಗಿದರು.

"ಯಾಕಂದ್ರ ಅವತ್ತ ಹಳಿಯಾಳ ಸಂತಿ ಇದ್ದಿಲ್ಲ!"

ಬಸ್ಸು ಹೋಯಿತು, ಅದರ ಜೊತೆ ಅವರ ನಗುವೂ ತಿರುವಿನಾಚೆ ಹೋಯಿತು. ಓಡಿ ಹೋಗಿ ಅವ್ವನಿಗೆ ಹೇಳಿದೆ.

"ಆನಿಗೂ ಸಂತಿಗೂ ಏನ ಸಂಬಂಧ? ಹೋಗು, ಕೊಡ ತುಂಬಿಸ್ಕೊಂಡ ಬಾ," ಅಂದಳು.

ಬಾವಿಯ ಹತ್ತಿರ ಕೊಡ ತುಂಬುತ್ತಿದ್ದಾಗ, ಕೈಚೀಲ ಹಿಡಿದುಕೊಂಡು ಗಿಡದ ಮೇಲೆ ಮುಖ ಊದಿಸಿ ಕೂತ ಆನೆ ಕಣ್ಣ ಮುಂದೆ ಬಂತು. ಫಕ್ಕನೆ ನಗು ಬಂತು. ಒಬ್ಬಳೇ ನಕ್ಕೆ. ನಕ್ಕು ಮುಗಿದ ಮೇಲೆ ಸುತ್ತಲೂ ನೋಡಿದೆ, ಯಾರೂ ಇರಲಿಲ್ಲ.

ಆಮೇಲಿಂದ ಸಂಜೆಗೆ ಪ್ರಶ್ನೆ, ಬೆಳಿಗ್ಗೆಗೆ ಉತ್ತರ. ಇರುವೆ ಜಂಪರ್ ಹೊಲಿಸಲು ಹೋದರೆ ದರ್ಜಿ ಏನಂದ? ಮೊದಲು ಬದನೆಕಾಯಿ ಇಳಿಸು ಅಂದ. ಎಮ್ಮೆ ಯಾಕೆ ಛತ್ರಿ ಹಿಡಿಯುವುದಿಲ್ಲ? ಅದರ ಅಕ್ಕ ಧಾರವಾಡದಲ್ಲಿ ಇದ್ದಾಳೆ, ಅದಕ್ಕೆ. ಉತ್ತರ ಕೊಡುವಾಗ ಬಸ್ಸು ಯಾವಾಗಲೂ ಚಲಿಸುತ್ತಿರಬೇಕು, ತಿರುಗಿ ಕೇಳಲು ದಾರಿ ಇರಬಾರದು. ಅದೇ ಅವರ ತುಂಟತನ. ಅವರ ಪಾಳಿ ಇಲ್ಲದ ದಿನ ನನಗೆ ಹೊತ್ತೇ ಹೋಗುತ್ತಿರಲಿಲ್ಲ.

ಶಾಲೆಯಲ್ಲಿ ಇದನ್ನೆಲ್ಲ ಹೇಳಿ ದೊಡ್ಡವಳಾಗಬೇಕೆಂದು ನೋಡಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ "ಕಿತ್ಯಾಕ್?" ಅಂದರು, ಯಾಕೆ ಅಂತ. ಮಾಸ್ತರರು ಕತ್ತು ಓರೆ ಮಾಡಿ ಪೂರ್ತಿ ಕೇಳಿಸಿಕೊಂಡು, "ಇದರಾಗಿನ ನೀತಿ ಏನವಾ?" ಅಂದರು. ನನಗೆ ಅಳು ಬಂತು. ಸಂಜೆ ಈರಣ್ಣ ಕಾಕಾನಿಗೆ ದೂರು ಹೇಳಿದೆ.

"ಕಾಕಾ, ಇದಕ್ಕ ಅರ್ಥನ ಇಲ್ಲಲ್ರೀ. ಯಾರೂ ನಗವಲ್ರು."

"ಅರ್ಥ ಇದ್ದದ್ದಕ್ಕ ಯಾರ ಬೇಕಾದ್ರೂ ನಗ್ತಾರ. ಇಲ್ಲದ್ದಕ್ಕ ನಗಾಕ ಜೋಡಿ ಬೇಕು ನೋಡು. ನಿಮ್ಮವ್ವಗ ಹೇಳಿದ್ಯೋ ಇಲ್ಲೋ?"

"ಹೇಳೇನ್ರಿ. ಅವ್ವ ನಗೂದ ಇಲ್ರಿ. ಅಪ್ಪಾರು ಹೋದಾಗಿಂದ ನಕ್ಕೇ ಇಲ್ಲ."

ಅವರು ಗೆಣಸು ಬಾಯಿಗೆ ಇಡಲು ಎತ್ತಿದವರು ಹಾಗೇ ಕೆಳಗಿಟ್ಟರು. ಒಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಒಂದು ಹಂಚಿಕೆ ಹೇಳಿದರು. ನಾಡಿದ್ದು ಬಂದಾಗ ಉಣ್ಣಲು ಕೂತಲ್ಲೇ ಪ್ರಶ್ನೆ, ಅಲ್ಲೇ ಉತ್ತರ. ಉತ್ತರ ಬಂದಕೂಡಲೇ ಅವರು, ಡ್ರೈವರ್ ಸಾಬರು, ನಾನು, ಮೂವರೂ ಬಿದ್ದು ಬಿದ್ದು ನಗುವುದು. ಮೂರು ಮಂದಿ ನಗುವುದನ್ನು ನೋಡಿದರೆ ಅವ್ವ ಎಷ್ಟು ಅಂತ ಬಿಗಿಹಿಡಿದಾಳು? ನಗಲೇಬೇಕು.

ಡ್ರೈವರ್ ಸಾಬರು ಗಂಭೀರ ಮನುಷ್ಯರು, ನಗುವ ಕೆಲಸ ಅವರಿಗೆ ಹೊಸದು. ಹೇಳಿದ ದಿನ ಉಣ್ಣಲು ಕೂತಾಗ ಈರಣ್ಣ ಕಾಕಾ ಇನ್ನೂ "ಒಂದ ಕೋಳಿ..." ಅನ್ನುವಷ್ಟರಲ್ಲೇ ಸಾಬರು ಹೋ ಹೋ ಎಂದು ಶುರು ಮಾಡಿಬಿಟ್ಟರು. ಅವರ ಅವಸರ ನೋಡಿ ನಮಗೆ ನಿಜವಾಗಿಯೇ ನಗು ತಡೆಯಲಾಗಲಿಲ್ಲ. ಮೂವರೂ ತಾಟಿನ ಮುಂದೆ ಹೊಟ್ಟೆ ಹಿಡಿದುಕೊಂಡೆವು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದಳು. ಮುಖ ಸಣ್ಣದಾಗಿತ್ತು.

"ಪಲ್ಯಾಕ ಉಪ್ಪ ಹೆಚ್ಚಾತೇನ್ರಿ?" ಅಂದಳು.

ಅಂದವಳೇ ಅಂಗೈಗೆ ಒಂದಿಷ್ಟು ಪಲ್ಯ ಹಾಕಿಕೊಂಡು ರುಚಿ ನೋಡಿದಳು. ತನ್ನ ಕೈಯಡುಗೆಗೆ ನಕ್ಕರೆಂದು ತಿಳಿದಿದ್ದಳು. ಈರಣ್ಣ ಕಾಕಾ, "ಇಲ್ರಿ ಅಕ್ಕಾರ, ಪಲ್ಯ ಭಾಳ ಛಲೋ ಆಗೈತ್ರಿ," ಅಂತ ತಲೆ ತಗ್ಗಿಸಿ ಉಂಡರು. ಕೋಳಿಯ ಕಥೆ ಏನಾಯಿತೆಂದು ನಾನೂ ಕೇಳಲಿಲ್ಲ.

ಚಳಿ ಕಡಿಮೆಯಾಗಿ ಗೇರು ಹೂ ಬಿಟ್ಟಿದ್ದ ಹೊತ್ತಿಗೆ ನನಗೆ ಜ್ವರ ಬಂತು. ಅಂದು ಸಂಜೆ ಈರಣ್ಣ ಕಾಕಾ ನಾನು ಮಲಗಿದ್ದಲ್ಲಿಗೇ ಬಂದು ಹಣೆ ಮುಟ್ಟಿ ನೋಡಿದರು.

"ಕಪ್ಪಿ ಬಸ್ ಹತ್ತಿತು. ಸೀಟ ಖಾಲಿ ಇತ್ತು. ಆದ್ರೂ ಕೂಡ್ಲಿಲ್ಲ. ಯಾಕ?"

"ಮುಂಜಾನಿ ನಾ ಏಳಾಕ ಆಗದಿದ್ರ?"

"ಏಳ್ತಿ ತಗೋ," ಅಂದರು.

ಏಳಲಿಲ್ಲ. ಜ್ವರದ ಮಂಪರಿನಲ್ಲಿ ಸೀಟಿ ಕೇಳಿಸಿತು. ಗೋಡೆ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಮರದ ಕೆಳಗೆ ಎಣ್ಣೆಯ ಕಲೆಯಷ್ಟೇ ಇತ್ತು. ಅವ್ವ ಲೋಟ ತೊಳೆಯುತ್ತಿದ್ದಳು.

"ಈರಣ್ಣಗ ಬ್ಯಾರೆ ರೂಟಿಗಿ ಹಾಕ್ಯಾರಂತ. ಇನ್ನ ಈ ಕಡೆ ಬರಂಗಿಲ್ಲಂತ."

"ಕಪ್ಪಿ ಯಾಕ ಕೂಡ್ಲಿಲ್ಲಂತ? ನಿನಗ ಹೇಳಿದ್ರೇನು?"

ಅವ್ವ ತೊಳೆದಿಟ್ಟ ಲೋಟವನ್ನೇ ಎತ್ತಿಕೊಂಡು ಮತ್ತೊಮ್ಮೆ ತೊಳೆದಳು. "ಮುಂದಿನ ಸ್ಟಾಪಿಗಿ ಇಳಿಯೂದಿತ್ತಂತ. ಅದಕ್ಕ."

ನಾನು ಗೋಳೋ ಎಂದು ಅತ್ತೆ. "ಸುಳ್ಳ! ಅದಕ್ಕ ಅರ್ಥ ಐತಿ! ಕಾಕಾ ಹಂಗ ಹೇಳಂಗಿಲ್ಲ!"

ಅವ್ವ ಕಕ್ಕಾಬಿಕ್ಕಿಯಾದಳು. ಅರ್ಥ ಇದ್ದುದಕ್ಕೆ ಅಳುವ ಮಗಳನ್ನು ಅವಳು ಎಲ್ಲಿ ಕಂಡಿದ್ದಳು? ಮರುದಿನ ಗಂಜಿ ಕುಡಿಸುತ್ತ, ತಾನಾಗಿಯೇ, "ಸೀಟ ಹಸಿ ಇತ್ತಂತವಾ," ಅಂದಳು. "ಕಪ್ಪಿಗಿ ಹಸಿ ಅಂದ್ರ ಸೇರ್ತೈತಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

ಜ್ವರ ಬಿಟ್ಟ ದಿನ ಸಂಜೆ ಒಲೆಯ ಹತ್ತಿರ ಕೂತಿದ್ದೆ. ಅವ್ವ ಈಳಿಗೆಮಣೆಯ ಮೇಲೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ಅವ್ವ ಈಳಿಗೆಯಿಂದ ಕೈ ತೆಗೆದು, ಬಸ್ಸಿನ ಮೆಟ್ಟಿಲ ಮೇಲೆ ನಿಂತವಳ ಹಾಗೆ ಜೋರಾಗಿ ಅಂದಳು:

"ಯಾಕಂದ್ರ ಕಪ್ಪೀ ಕಾಕಾ ಉಳ್ಳಾಗಡ್ಡಿ ತಿಂತಿದ್ದಿಲ್ಲ!"

ಅಂದು, ತನ್ನ ಬಾಯಿಂದ ಇದೇನು ಬಂತೆಂದು ತಾನೇ ಬೆರಗಾಗಿ ನನ್ನನ್ನು ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ನಿಲ್ಲಲಿಲ್ಲ. ನಾನು ಅವಳ ತೊಡೆಯ ಮೇಲೆ ಉರುಳಿ ಬಿದ್ದು ನಕ್ಕೆ. ಅವ್ವನ ನಗುವಿಗೆ ಒಂದು ಸಣ್ಣ ಗೊರಕೆ ಸೇರಿಕೊಳ್ಳುತ್ತಿತ್ತು, ಅದು ನನಗೆ ಮರೆತೇ ಹೋಗಿತ್ತು. ಚಹಾ ಉಕ್ಕಿ ಒಲೆ ಆರಿದರೂ ನಾವು ಏಳಲಿಲ್ಲ. ನಗುತ್ತ ನಗುತ್ತಲೇ ಅವ್ವನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಯಾಕವ್ವಾ ಅಂದೆ. ಉಳ್ಳಾಗಡ್ಡಿ ಅಂದಳು. ನಾನು ನಂಬಿದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಯಾವ 'ಯಾಕ'ಕ್ಕೂ ಅದೇ ಉತ್ತರ. ಲೆಕ್ಕದಾಗ ಮಾರ್ಕ್ಸ್ ಯಾಕ ಕಡಿಮಿ ಬಂತು? ಕಾಕಾ ಉಳ್ಳಾಗಡ್ಡಿ ತಿಂತಿದ್ದಿಲ್ಲ. ಇವತ್ತ ಗಿರಾಕಿ ಯಾಕ ಇಲ್ಲ? ಅದಕ್ಕೂ ಅದೇ. ಮುಂದೆ ನಾನು ಕೆಲಸಕ್ಕೆ ಸೇರಿ, ದಾಂಡೇಲಿಯ ಅಂಬೇವಾಡಿಯಲ್ಲಿ ಮನೆ ಮಾಡಿ ಅವ್ವನನ್ನು ಕರೆತಂದೆ. ಮದುವೆ ಯಾಕ ಆಗಿಲ್ಲ ಅಂತ ನೆರೆಯವರು ನನ್ನನ್ನು ಕೇಳಿದರೆ ಅವ್ವ ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದಳು. ನಗು ತಡೆದುಕೊಳ್ಳುವುದೇ ನಮಗೊಂದು ಕೆಲಸವಾಗುತ್ತಿತ್ತು.

ಅಲ್ಲಿಯೇ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿದೆ. "ಅವ್ವಾ, ಖರೇ ಹೇಳು. ಈರಣ್ಣ ಕಾಕಾ ಅವತ್ತ ಏನ ಉತ್ತರಾ ಹೇಳಿದ್ರು?"

"ಏನೂ ಹೇಳಲಿಲ್ಲ," ಅಂದಳು, ಮೊರದಿಂದ ಕಣ್ಣೆತ್ತದೆ. "ಅಕ್ಕಾರ, ಇನ್ನ ನಾ ಬರಂಗಿಲ್ರಿ, ಕೂಸಿಗೆ ಉತ್ತರಾ ಇನ್ನ ಮ್ಯಾಲ ನೀವ ಹೇಳಬೇಕ್ರಿ ಅಂದ. ಅರ್ಥ ಮಾತ್ರ ಇರಬಾರ್ದ ನೋಡ್ರಿ, ಅಂದ. ಎಷ್ಟ ತ್ರಾಸ ಆತು ಗೊತ್ತೈತೇನು ನನಗ?"

ಹೋದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ಮಾಡಬೇಕಾದ್ದೆಲ್ಲ ಮುಗಿದ ಮೇಲೆ ಒಂದು ಸಲ ಆ ಊರಿಗೆ ಹೋಗಿಬಂದೆ. ಹಲಸಿನ ಮರ ಇದೆ. ಅಂಗಡಿಯ ಜಾಗದಲ್ಲಿ ಹುಲ್ಲು. ನನ್ನ ಜೊತೆ ಆಡಿದವರೊಬ್ಬರು ಗುರುತು ಹಿಡಿದು ಚಹಾ ಕೊಟ್ಟರು, ಚಹಾ ಕುಡಿಯುತ್ತ ಇಬ್ಬರೂ ನಮ್ಮ ನಮ್ಮ ಫೋನು ನೋಡಿಕೊಂಡೆವು. ಈಗ ಅಲ್ಲಿಯೂ ಸಿಗ್ನಲ್ ಬರುತ್ತದೆ. ಏನು ಕೇಳಿದರೂ ಅದರಲ್ಲಿ ಉತ್ತರ ಸಿಗುತ್ತದೆ, ಅರ್ಥ ಇರುವ ಉತ್ತರ.

ವಾಪಸು ಬರುವ ಬಸ್ಸು ಹೆಚ್ಚುಕಡಿಮೆ ಖಾಲಿ. ನನಗೆ ಕೂರಬೇಕೆನ್ನಿಸಲಿಲ್ಲ. ಮರ ಮರೆಯಾಗುವವರೆಗೂ ನೋಡುತ್ತ ಬಾಗಿಲ ಬಳಿಯ ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರ್ ಸಣ್ಣ ವಯಸ್ಸಿನವನು, ಒಳ್ಳೆಯವನು.

"ಅಕ್ಕಾರ, ಸೀಟ ಖಾಲಿ ಅದಾವಲ್ರಿ. ಯಾಕ ನಿಂತೀರಿ? ಕೂಡ್ರಿ," ಅಂದ.

ಬಾಯಿಂದ ತಾನಾಗಿಯೇ ಬಂದುಬಿಟ್ಟಿತು.

"ನಮ್ಮ ಕಾಕಾ ಉಳ್ಳಾಗಡ್ಡಿ ತಿಂತಿದ್ದಿಲ್ರಿ."

ಆತ ನನ್ನ ಮುಖವನ್ನೇ ನೋಡಿದ. ನಾನು ಕಾದೆ. ಯಾತಕ್ಕೆ ಕಾದೆನೋ, ಒಂದು ಸಣ್ಣ ಗೊರಕೆಗೋ ಏನೋ.

"ಎಲ್ಲಿಗ್ರಿ?" ಅಂದ.

ದಾಂಡೇಲಿ ಅಂದು ಟಿಕೆಟ್ ತೆಗೆದುಕೊಂಡು, ಹೋಗಿ ಕೂತೆ.