ಕರುಣಾಕರನ ಕುಂಬಳಕಾಯಿ

ಕರುಣಾಕರನ ಹೆಸರು ನನ್ನ ಕಿವಿಗೆ ಬಿದ್ದ ದಿನ ನಾನು ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ಮಗಳ ಮನೆಯ ಹಿತ್ತಲಿನಲ್ಲಿ ಬೂದುಗುಂಬಳದ ಬಳ್ಳಿಯನ್ನು ಬೇಲಿಗೆ ಹಬ್ಬಿಸುತ್ತಿದ್ದೆ. ಮಗಳು ಹೇಮಲತಾ ಫೋನು ನೋಡಿಕೊಂಡೇ ಹೊರಗೆ ಬಂದಳು.

"ಅಮ್ಮಾ, ಕನ್ನಡ ಸಂಘದ ಗ್ರೂಪಲ್ಲಿ ಯಾರೋ ಕರುಣಾಕರ ಅಂತ ಮೆಸೇಜ್ ಹಾಕಿದಾರೆ. ಸಿನಿಮಾ ಮಾಡ್ತಾರಂತೆ. ಸುಮ್ನೆ ಕೂತ್ಕೊಳ್ಳೋಕೆ ಒಬ್ಬ ಅಜ್ಜಿ ಬೇಕಂತೆ."

"ಸುಮ್ನೆ ಕೂರೋಕೂ ಜನ ಹುಡುಕ್ತಾರೇನೇ?"

"ನಿನ್ ಕೈಲಾಗಲ್ಲ ಬಿಡು. ಐದು ನಿಮಿಷ ಒಂದ್ ಕಡೆ ಕೂತಿದ್ದು ನಾನು ನೋಡಿಲ್ಲ."

ಆ ಮಾತಿಗೇ ನಾನು ಒಪ್ಪಿಕೊಂಡದ್ದು.

ಶನಿವಾರ ಅವನೇ ಮನೆಗೆ ಬಂದ. ಉಡುಪಿ ಕಡೆಯವನು, ಮನೆಮಾತು ತುಳು. ತೆಳ್ಳಗೆ, ಕತ್ತಿಗೆ ಕನ್ನಡಕ ನೇತುಹಾಕಿಕೊಂಡಿದ್ದ. ಹದಿಹರೆಯದಲ್ಲಿ ಸಿನಿಮಾ ಹುಚ್ಚು ಹಿಡಿದು ಬೆಂಗಳೂರಿಗೆ ಹೋದವನು ಯಾರ್‍ಯಾರದೋ ಕೈಕೆಳಗೆ ಸಹಾಯಕನಾಗಿ ದುಡಿದು, ಕೂದಲು ನೆರೆಯುವ ಹೊತ್ತಿಗೆ ಹೆಂಡತಿ ಜ್ಯೋತ್ಸ್ನಾಳ ನರ್ಸ್ ಕೆಲಸದ ಜೊತೆ ಮೆಲ್ಬರ್ನ್‌ಗೆ ಬಂದಿದ್ದ. ಇಲ್ಲಿ ಅವನ ಕೆಲಸ ಗೋದಾಮಿನಲ್ಲಿ ಪಾರ್ಸೆಲ್ ಕಟ್ಟುವುದು. ಶನಿವಾರ, ಭಾನುವಾರ ಮಾತ್ರ ಅವನು ನಿರ್ದೇಶಕ.

ಅವನ ಸಿನಿಮಾ, ಸಿನಿಮಾ ತೆಗೆಯುವವರ ಕಥೆ. ಒಂದು ಶೂಟಿಂಗಿನ ಕಡೇ ದಿನ. ಒಂದೇ ಒಂದು ಶಾಟಿಗೆಂದು ಒಬ್ಬ ಅಜ್ಜಿಯನ್ನು ಕರೆಸಿ, ಮುಖಕ್ಕೆ ಬಣ್ಣ ಹಚ್ಚಿ ಕೂರಿಸಿರುತ್ತಾರೆ. ಹೀರೋ ಎದುರು ಬಂದಾಗ ಅವಳು "ಊಟ ಆಯ್ತಾ ಮಗಾ?" ಅನ್ನಬೇಕು, ಅಷ್ಟೆ. ಗಡಿಬಿಡಿಯಲ್ಲಿ ಅವಳನ್ನು ಎಲ್ಲರೂ ಮರೆತುಬಿಡುತ್ತಾರೆ. ಸಂಜೆ ಕುಂಬಳಕಾಯಿ ಒಡೆಯುತ್ತಾರೆ. ಅಜ್ಜಿ ಬಣ್ಣದ ಮುಖದಲ್ಲೇ ಮನೆಗೆ ಹೋಗುತ್ತಾಳೆ.

"ಕುಂಬಳಕಾಯಿ ಯಾಕಪ್ಪಾ ಒಡೆಯೋದು?" ಎಂದೆ.

"ಶೂಟಿಂಗ್ ಮುಗಿದ ದಿನ ದೃಷ್ಟಿ ತೆಗೆದು ಒಡೆಯುವುದು ಅಮ್ಮಾ. ಒಡೆದ ಮೇಲೆ ಆ ಸಿನಿಮಾಕ್ಕೆ ಮತ್ತೆ ಕ್ಯಾಮೆರಾ ಮುಟ್ಟಬಾರದು. ಎಷ್ಟೋ ಜನರ ಕುಂಬಳಕಾಯಿಗೆ ನಾನು ಕರ್ಪೂರದ ತಟ್ಟೆ ಹಿಡಿದಿದ್ದೇನೆ. ನನ್ನದು ಅಂತ ಒಂದೂ ಒಡೆಯಲಿಲ್ಲ."

ಹಿತ್ತಲಿಗೆ ಕರೆದುಕೊಂಡು ಹೋಗಿ ಬಳ್ಳಿ ತೋರಿಸಿದೆ. ಎಳೇ ಕಾಯಿಯೊಂದನ್ನು ಮಗುವಿನ ತಲೆ ಸವರುವ ಹಾಗೆ ಸವರಿದ. "ಇದು ನನಗೆ" ಎಂದ.

ಅವನ ಮನೆಯ ಗರಾಜೇ ಸ್ಟುಡಿಯೋ. ಅಲ್ಲಿ ಎರಡು ಕ್ಯಾಮೆರಾ. ನಾನು ಸೆರಗು ಸರಿಮಾಡಿಕೊಂಡು ದೊಡ್ಡದನ್ನೇ ನೋಡುತ್ತಾ ಕೂತರೆ ಅವನು ತಲೆ ಚಚ್ಚಿಕೊಳ್ಳುತ್ತಿದ್ದ.

"ಅಮ್ಮಾ, ಅದರಲ್ಲಿ ಎಂತದೂ ಇಲ್ಲ. ಅದು ಕಥೆಯೊಳಗಿನ ಸುಳ್ಳು ಕ್ಯಾಮೆರಾ."

"ನಿಜದ್ದು ಯಾವ್ದಪ್ಪಾ?"

"ಅದನ್ನು ನೀವು ನೋಡಲೇಬಾರದು ಮಾರಾಯ್ರೆ!"

ನಿಜದ ಕ್ಯಾಮೆರಾ ಹಿಡಿಯುತ್ತಿದ್ದವನು ಪ್ರೀತಮ್, ವಾರವೆಲ್ಲ ಕಂಪ್ಯೂಟರ್ ಕೆಲಸದ ಹುಡುಗ. ನಗು ತಡೆಯಲಾಗದೆ ಅವನ ಕೈ ಅಲುಗುತ್ತಿತ್ತು. ವಾರದ ಮೇಲೆ ವಾರ ನಾನು ಬಣ್ಣ ಹಚ್ಚಿಸಿಕೊಂಡು ಕೂತೆ. ಮಗಳ ಮಾತು ಸುಳ್ಳಾಯಿತು.

ಬಳ್ಳಿ ಒಣಗುವ ಹೊತ್ತಿಗೆ ಕಾಯಿ ಬಲಿತು ಮೈತುಂಬ ಬೂದಿ ಬಳಿದುಕೊಂಡಿತು. ಶೂಟಿಂಗಿನಲ್ಲಿ ಬಾಕಿ ಇದ್ದದ್ದು ಅದನ್ನು ಒಡೆಯುವ ಶಾಟ್ ಒಂದೇ. ಅವತ್ತು ಕರ್ಪೂರ ಹಚ್ಚಿ ಆಗಿತ್ತು. ಕರುಣಾಕರ ನನ್ನ ಮುಖವನ್ನೇ ನೋಡುತ್ತಾ ನಿಂತವನು, "ಬೇಡ. ಈ ಅಜ್ಜಿಯನ್ನು ಹಾಗೇ ಕಳಿಸಲಿಕ್ಕೆ ನನ್ನಿಂದಾಗುವುದಿಲ್ಲ. ಇವರ ಶಾಟ್ ತೆಗೆದೇ ಒಡೆಯುವ" ಎಂದ.

"ಹೀರೋ ಇವತ್ತು ಬಂದಿಲ್ವಲ್ಲ ಅಣ್ಣಾ" ಎಂದ ಪ್ರೀತಮ್.

"ಮುಂದಿನ ವಾರ ಬರ್ತಾನಲ್ಲ."

ಬರಲಿಲ್ಲ. ಹೀರೋ ಆಗಿದ್ದ ಹರ್ಷವರ್ಧನ್‌ಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋದ. ರಜೆ ಸಿಕ್ಕಾಗ ಬರುತ್ತೇನೆ ಎಂದ. ಅವನದೇನು ತಪ್ಪು? ಅಷ್ಟರಲ್ಲಿ ಜ್ಯೋತ್ಸ್ನಾಗೂ ಸಿಡ್ನಿಗೆ ಬದಲಿಯಾಯಿತು. ಕರುಣಾಕರ ಸುಳ್ಳು ಕ್ಯಾಮೆರಾವನ್ನೂ ಹೊತ್ತುಕೊಂಡು ಅಲ್ಲಿನ ರೌಸ್ ಹಿಲ್‌ಗೆ ಹೋದ. ಕಾಯಿ ಮಾತ್ರ ನನ್ನ ಹತ್ತಿರ ಉಳಿಯಿತು.

ಫೋನು ಮಾಡಿದರೆ ಮೊದಲ ಮಾತೇ, "ಕುಂಬಳಕಾಯಿ ಹೇಗುಂಟು ಅಮ್ಮಾ?"

"ನನ್ನ ವಿಚಾರಿಸೋದು ಯಾವಾಗ್ಲೋ?"

"ನೀವು ಕೊಳೆಯುವುದಿಲ್ಲ, ಅದು ಕೊಳೆಯುತ್ತದೆ!"

ನಮ್ಮ ಗರಾಜಿನಲ್ಲಿ ಹುಲ್ಲಿನ ಮೇಲೆ ಇಟ್ಟು, ಆಗಾಗ ಹೊರಳಿಸಿ ಜೋಪಾನ ಮಾಡಿದೆ. ಕಾರು ನಿಲ್ಲಿಸುವಾಗೆಲ್ಲ ಹೇಮಲತಾ, "ಕಾಶಿ ಹಲ್ವಾ ಮಾಡ್ಬಿಡೋಣಮ್ಮಾ" ಅನ್ನುವಳು. ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ.

ಆಮೇಲೆ ಅವನ ಫೋನು ನಿಂತಿತು. ಜ್ಯೋತ್ಸ್ನಾ ಮಾಡಿದಳು. ಹೊಟ್ಟೆನೋವು ಅಂದುಕೊಂಡದ್ದು ಲಿವರ್ ಕ್ಯಾನ್ಸರ್ ಅಂತೆ. ಮೈಯೆಲ್ಲ ಹರಡಿದೆಯಂತೆ. "ಹೀರೋ ಯಾವಾಗ ಬರ್ತಾನೆ ಅಂತ ಕೇಳ್ತಾನೇ ಇರ್ತಾರೆ ಅಮ್ಮಾ. ಅವನಿಗೆ ರಜೆ ಸಿಗುವಾಗ ಇವರು ಇರಲಿಕ್ಕಿಲ್ಲ. ಆ ಕಾಯಿ ತಗೊಂಡು ಬನ್ನಿ. ಇವರ ಎದುರೇ ಒಡೆದು ಮುಗಿಸಿಬಿಡುವ. ಶೂಟಿಂಗ್ ಮುಗೀತು ಅಂತ ಆದ್ರೂ ನೆಮ್ಮದಿಯಾಗಿ ಮಲಗಲಿ."

ಹೇಮಲತಾ, ಪ್ರೀತಮ್, ನಾನು ಕಾರಿನಲ್ಲಿ ಹೊರಟೆವು. ಮೆಲ್ಬರ್ನ್‌ನಿಂದ ಸಿಡ್ನಿಯವರೆಗೂ ಕಾಯಿ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಒಣಹುಲ್ಲಿನ ಬಯಲು, ಮುಗಿಯುವ ಹಾಗೇ ಕಾಣಲಿಲ್ಲ. ನಮ್ಮ ಕಡೆ ಹೆಂಗಸರು ಇಡೀ ಬೂದುಗುಂಬಳಕ್ಕೆ ಕತ್ತಿ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಯಜಮಾನರೇ ಮೊದಲ ಏಟು ಹಾಕಿ ಕೊಡುತ್ತಿದ್ದರು. ಅವರು ಹೋದ ಮೇಲೆ ನಾನು ಇಡೀ ಕಾಯಿ ಅಡುಗೆಮನೆಗೆ ತಂದವಳಲ್ಲ. ಈಗ ಇದನ್ನು ಯಾರು ಒಡೆಯಬೇಕು, ಯಾವ ಬಾಯಲ್ಲಿ ಒಡೆ ಅನ್ನಬೇಕು, ಒಂದೂ ತೋಚಲಿಲ್ಲ.

ಆಸ್ಪತ್ರೆಯ ತೋಟಕ್ಕೆ ಅವನನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಗುರುತು ಸಿಕ್ಕಿದ್ದು ಕತ್ತಿನ ಕನ್ನಡಕದಿಂದ. ಏನು ಮಾತಾಡಬೇಕೆಂದು ತಿಳಿಯದೆ ನನ್ನ ಬಾಯಿಂದ ಬಂದದ್ದು, "ಊಟ ಆಯ್ತಾ ಮಗಾ?"

ಅವನು ನಕ್ಕ. "ಅಯ್ಯೋ, ಇವತ್ತು ಎಷ್ಟು ಚಂದ ಹೇಳಿದ್ರಿ! ಪ್ರೀತಮ್, ತೆಗೆದಿಯಾ?"

ಪ್ರೀತಮ್‌ನ ಕ್ಯಾಮೆರಾ ಇನ್ನೂ ಚೀಲದಲ್ಲೇ ಇತ್ತು. ಅವಸರವಾಗಿ ಹೊರತೆಗೆದ. "ಅಜ್ಜೀ, ಇನ್ನೊಂದ್ ಸಲ. ಹಂಗೇ ಹೇಳಿ."

ಬಾಯಿ ತೆರೆದೆ. "ಊಟ..." ಎಂದದ್ದು ಅಲ್ಲಿಗೇ ನಿಂತಿತು. ಮತ್ತೆ ತೆರೆದೆ. ಕಾಯಿಯ ಬೂದಿಯೆಲ್ಲ ನನ್ನ ಬೆವರುಗೈಗೆ ಹತ್ತಿತ್ತು. ಜ್ಯೋತ್ಸ್ನಾ ಅತ್ತ ತಿರುಗಿ ನಿಂತಳು.

"ಸಾಕು ಪ್ರೀತಮ್, ಇಡು" ಎಂದ ಕರುಣಾಕರ. "ಅಮ್ಮನಿಗೆ ಸುಸ್ತಾಗಿದೆ."

ಜ್ಯೋತ್ಸ್ನಾ ನನ್ನ ಭುಜ ಹಿಡಿದು ಮೆಲ್ಲಗೆ, "ಹೇಳಿ ಅಮ್ಮಾ, ಒಡೆದುಬಿಡುವ ಅಂತ. ನೀವು ಹೇಳಿದ್ರೆ ಕೇಳ್ತಾರೆ" ಎಂದಳು. ಅವಳ ಕಣ್ಣು ನೋಡಿದರೆ ಹೇಳಬೇಕು, ಅವನ ಕಣ್ಣು ನೋಡಿದರೆ ಹೇಳಬಾರದು. ನಾನು ಹೇಳಲಿಲ್ಲ.

ನಾವು ಮೆಲ್ಬರ್ನ್‌ಗೆ ಮರಳಿದ ವಾರದಲ್ಲೇ ಅವನು ಹೋದ. ಕಾಯಿ ಈಗಲೂ ಗರಾಜಿನಲ್ಲಿದೆ. ಒಂದು ಮಗ್ಗುಲು ಮೆತ್ತಗಾಗುತ್ತಿದೆ. ಹೇಮಲತಾ ಈಗ ಹಲ್ವಾದ ಮಾತೆತ್ತುವುದಿಲ್ಲ. ಅದನ್ನು ಏನು ಮಾಡುವುದೆಂದು ಯಾರೂ ಹೇಳುವವರಿಲ್ಲ.

ಅವತ್ತು ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಅವನು ನಿಲ್ಲಿಸಲು ಹೇಳಿ, ಕೈ ಚಾಚಿ ಕಾಯಿಯನ್ನು ಮುಟ್ಟಿದ್ದ. ದಿನದ ಶೂಟಿಂಗ್ ಮುಗಿದಾಗಲೆಲ್ಲ ತನ್ನ ಗರಾಜು ಅದುರುವ ಹಾಗೆ "ಪ್ಯಾಕಪ್" ಎಂದು ಕೂಗುತ್ತಿದ್ದವನ ದನಿ ಅವತ್ತು ಬಗ್ಗಿದರೆ ಮಾತ್ರ ಕೇಳಿಸುವಷ್ಟಿತ್ತು.

"ಅಮ್ಮಾ, ನಾನು ಪ್ಯಾಕಪ್ ಹೇಳುವವರೆಗೆ ಒಡೆಯಬೇಡಿ, ಆಯ್ತಾ?"