ಬಾಗಿಲಲ್ಲಿ ನಿಂತ ನಾಟಕ

ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದವರು ಒಬ್ಬ ಅಮೆರಿಕನ್ ನಾಟಕಕಾರರು. ನಾನೂ ನಾಟಕಕಾರನೇ, ಅಲ್ಲಿನ ಕನ್ನಡ ಸಂಘದ ಮಟ್ಟಿಗೆ. ಅವರ ಹೆಸರು ಪೇಪರಿನಲ್ಲಿ ಬರುತ್ತಿತ್ತು. ನನ್ನದು ಯುಗಾದಿ ಫ್ಲೈಯರ್‌ನಲ್ಲಿ, ಊಟದ ಮೆನುವಿನ ಕೆಳಗೆ.

ಯಾರು ಏನು ಹೇಳಿದರೂ ಅವರು ಕನ್ನಡಕವನ್ನು ಹಣೆಗೇರಿಸಿ, ನನ್ನ ಹೆಂಡತಿಯಿಂದ ಕಲಿತ ಒಂದೇ ಒಂದು ಕನ್ನಡ ಪದ ಹೇಳುತ್ತಿದ್ದರು: “ಆಮೇಲೆ?”

ಕೋವಿಡ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದಾಗ, ಅವರು ತಮ್ಮ ಪೋರ್ಚಿನಲ್ಲಿ ಕೂತು ನಮ್ಮ ಮನೆಗೆ ಬಂದುಹೋಗುವವರನ್ನೇ ನೋಡುತ್ತಿದ್ದರು. ಪಾಪ, ಕೆಲಸವಿಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಆಮೇಲೆ, ಥಿಯೇಟರ್‌ಗಳು ಮತ್ತೆ ತೆರೆದಾಗ, ವಾಷಿಂಗ್ಟನ್ ಡಿಸಿಯಲ್ಲಿ ಅವರ ಹೊಸ ನಾಟಕ ನೋಡಿದೆ. ಇಡೀ ನಾಟಕ ನಡೆಯುವುದು ಒಂದು ಮನೆಯ ಬಾಗಿಲಲ್ಲಿ. ಹೊರಟೆವು ಎಂದು ಎದ್ದ ನೆಂಟರು ಚಪ್ಪಲಿ ಹಾಕಿಕೊಂಡು ಗಂಟೆಗಟ್ಟಲೆ ಅಲ್ಲೇ ನಿಂತು, ಒಳಗೆ ಕಾಫಿ ಕುಡಿಯುವಾಗ ಬಾಯಿಬಿಡದ ನಿಜವನ್ನೆಲ್ಲ ಹೇಳುತ್ತಾರೆ. ಅದು ನಮ್ಮದೇ ಬಾಗಿಲು! ನನ್ನ ನಾಟಕಗಳಲ್ಲಿ ಯಾರೂ ಸೋಫಾ ಬಿಟ್ಟು ಎದ್ದವರೇ ಅಲ್ಲ. ಹೊಟ್ಟೆ ಉರಿದುಹೋಯಿತು.

ನಾಟಕ ಮುಗಿದ ಮೇಲೆ ಅವರೇ ಎದುರಾಗಿ, “ಹೇಗಿತ್ತು?” ಎಂದರು.

“ಲೈಟಿಂಗ್ ತುಂಬಾ ಚೆನ್ನಾಗಿತ್ತು. ಬರ್ತೀನಿ, ಲಾಂಗ್ ಡ್ರೈವ್ ಇದೆ,” ಎಂದು ಹೊರಟೆ. ಕಳಿಸಿಕೊಡಲು ಅವರೂ ಜೊತೆಗೆ ಬಂದರು. ಥಿಯೇಟರಿನ ಬಾಗಿಲಿಗೆ ಬಂದವನು ಮುಂದೆ ಹೋಗಲಾರದೆ ನಿಂತೆ.

“ಅದನ್ನ ನಾನು ಬರೀಬೇಕಿತ್ತು,” ಎಂದುಬಿಟ್ಟೆ.

ಅವರು ಕನ್ನಡಕವನ್ನು ಹಣೆಗೇರಿಸಿದರು.

“ಆಮೇಲೆ?”