ಸಾಬಣ್ಣನ ಹರಗೋಲು, ಭಾವನ ಗೋಲ್ಡ್ ಕಾರ್ಡು

ಮದುವೆಯ ಮಾತುಕತೆಯಲ್ಲೂ ಬಾರದ ಜಗಳ ಮೊನ್ನೆ ಭಾನುವಾರ ಒಂದು ಚೀಲ ಕೊಳೆಬಟ್ಟೆಗಾಗಿ ಬೀಗರ ನಡುವೆ ಬಂದೇಬಿಟ್ಟಿತ್ತು.

ಬಟ್ಟೆ ಇನ್ನೂ ಕೊಳೆಯಾಗಿರಲಿಲ್ಲ. ಅದೇ ವಿಶೇಷ.

ನಡೆದದ್ದು ಯಾದಗಿರಿಯಲ್ಲಿ, ನನ್ನ ಅಕ್ಕ ನೀಲಮ್ಮನ ಮನೆಯ ಪಡಸಾಲೆಯಲ್ಲಿ. ಒಂದು ಕಡೆ ನಮ್ಮ ಭಾವ ಶರಣಪ್ಪ, ತೊಗರಿಬೇಳೆ ಮಿಲ್ಲಿನ ಮಾಲೀಕರು. ಇನ್ನೊಂದು ಕಡೆ ಸುರಪುರದ ಬೀಗರು ಮಲ್ಲಣ್ಣ, ಬಟ್ಟೆ ಅಂಗಡಿಯವರು. ಅಕ್ಕನ ಮಗಳನ್ನು ಇವರ ಮಗನಿಗೇ ಕೊಟ್ಟಿರುವುದು. ಮದುವೆಯಲ್ಲಿ ಊಟದ ಸಾಲು ತಡವಾದರೂ, ಬ್ಯಾಂಡಿನವರು ಅರ್ಧಕ್ಕೇ ಎದ್ದು ಹೋದರೂ ಒಬ್ಬರಿಗೊಬ್ಬರು ಒಂದು ಮಾತು ಆಡಿಕೊಳ್ಳದ ದೊಡ್ಡ ಮನುಷ್ಯರು ಇವರು.

ಇಬ್ಬರಿಗೂ ಈಚೆಗೆ ಹಡಗಿನ ಹುಚ್ಚು ಹಿಡಿದಿದೆ. ಬಿಸಿಲಿಗೆ ಹೆಸರಾದ ನಮ್ಮೂರುಗಳ ಮಂದಿಗೆ ಕ್ರೂಸ್ ಹುಚ್ಚು ಹಿಡಿದೀತೆಂದು ಯಾರು ಅಂದುಕೊಂಡಿದ್ದರು? ಭಾವನದು ಒಂದು ಕಂಪನಿ, ಬೀಗರದು ಇನ್ನೊಂದು. (ಹೆಸರು ಬೇಡ. ಭಾವನದು ನೀಲಿ ಹಡಗು, ಬೀಗರದು ಬಿಳಿ ಹಡಗು ಎಂದಿಟ್ಟುಕೊಳ್ಳಿ.) ಹೋದಷ್ಟೂ ಪಾಯಿಂಟು ಕೂಡುತ್ತದೆ. ಪಾಯಿಂಟು ಕೂಡಿದಂತೆ ಕಾರ್ಡಿನ ದರ್ಜೆ ಏರುತ್ತದೆ. ಭಾವ ಈಗ ಗೋಲ್ಡ್. ಬೀಗರು ಡೈಮಂಡ್.

ಈ ಸಲ ಎರಡೂ ಮನೆಯವರು ಕೂಡಿಯೇ ಹೋಗೋಣ ಎಂದು ಮಾತೆತ್ತಿದವಳು ಅಕ್ಕ. ಜೊತೆಗೆ ನಾನೂ ಇರಲೇಬೇಕೆಂದು ಹಟ ಹಿಡಿದವಳೂ ಅವಳೇ. ಅದಕ್ಕಾಗಿಯೇ ನಾನು ಶಹಾಪುರದಿಂದ ಬಸ್ಸು ಹತ್ತಿ ಬಂದದ್ದು. ಎಲ್ಲ ಸರಿ, ಯಾವ ಹಡಗು? ಅಲ್ಲಿಗೆ ಬಂದು ನಿಂತಿತು ನೋಡಿ.

“ನಮ್ಮ ಕಂಪನ್ಯಾಗ ಗೋಲ್ಡ್ ಮಂದಿಗಿ ಒಂದು ಚೀಲ ಅರಬಿ ಪುಕ್ಕಟ ಒಗದು, ಇಸ್ತ್ರಿ ಮಾಡಿ ಕೊಡ್ತಾರ್ರಿ ಬೀಗರ,” ಅಂದರು ಭಾವ.

“ಒಂದ ಚೀಲೇನ್ರಿ? ನಮ್ಮಲ್ಲಿ ದಿನಾ ಒಗೀತಾರ. ಡೈಮಂಡ್ ಅಂದ್ರ ಹಂಗ.”

“ದಿನಾ ಒಗಸಾಕ ನಾವೇನು ಹಡಗದಾಗ ಹೊಲಾ ಹೊಡಿಯಾಕ ಹೋಗ್ತೀವೇನ್ರಿ?”

ಬೀಗರ ಮುಖ ಸಣ್ಣದಾಯಿತು. ಆಮೇಲೆ ವೈಫೈ ಬಂತು. ಲೈನು ಬಿಟ್ಟು ಮೊದಲು ಹಡಗು ಹತ್ತುವ ಮಾತು ಬಂತು. ಕೋಣೆಯಲ್ಲಿ ಇಟ್ಟಿರುವ ಹಣ್ಣಿನ ಬುಟ್ಟಿ ಬಂತು. (ಬುಟ್ಟಿಯಲ್ಲಿ ಎಂಥ ಹಣ್ಣು ಎಂಬಲ್ಲಿಯೂ ಭಿನ್ನಾಭಿಪ್ರಾಯ.) ಭಾವ ಕೊನೆಯ ಅಸ್ತ್ರ ತೆಗೆದರು. “ನಮ್ಮ ಕ್ಯಾಪ್ಟನ್ ಗೋಲ್ಡ್ ಮಂದಿಗಿ ಪಾರ್ಟಿ ಕೊಡ್ತಾನ್ರಿ. ಕೈ ಕುಲುಕಿ ಹೆಸರು ಹಿಡದು ಮಾತಾಡಸ್ತಾನ.”

ಕ್ಯಾಪ್ಟನ್ ಪಾರ್ಟಿ ಎಂದದ್ದೇ ತಡ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಕ್ಕನ ಕೈ ನಿಂತಿತು.

ಆ ಪಾರ್ಟಿಯ ಕಥೆ ನನಗೆ ಗೊತ್ತು. ಕಳೆದ ಸಲ ಯಾವುದೋ ಬಂದರಿನಲ್ಲಿ ಇಳಿದು ಊರು ನೋಡಿ ಬರುವಾಗ ಅಕ್ಕನ ಮೊಣಕಾಲು ಹಿಡಿದುಕೊಂಡಿತು. ಭಾವನಿಗೆ ಸಂಜೆಯ ಪಾರ್ಟಿಗೆ ಕೋಟು ಹಾಕಿಕೊಳ್ಳುವ ಅವಸರ. “ನೀ ಹಿಂದಿಂದ ಬಾ,” ಎಂದು ಮುಂದೆ ನಡೆದರು. ಭಾಷೆ ಬಾರದ ಊರಿನ ಉದ್ದನೆಯ ಕಟ್ಟೆಯ ಮೇಲೆ ಅಕ್ಕ ಒಬ್ಬಳೇ ಕುಂಟುತ್ತ ಬಂದಳು. ಹಡಗಿನ ಮೆಟ್ಟಿಲು ಎತ್ತಲು ನಿಂತವರು ದೂರದಿಂದಲೇ ಬೇಗ ಬೇಗ ಎಂದು ಕೈ ಬೀಸುತ್ತಿದ್ದರಂತೆ. ಕೊನೆಗೆ ಹತ್ತಿದವಳು ಇವಳೇ. ಒಳಗೆ ಹೋದರೆ ಭಾವ ಕೈಯಲ್ಲಿ ಗಾಜಿನ ಲೋಟ ಹಿಡಿದು ಕ್ಯಾಪ್ಟನ್ ಜೊತೆ ಫೋಟೋಕ್ಕೆ ನಿಂತಿದ್ದರು.

ಇದನ್ನು ಅಕ್ಕ ಫೋನಿನಲ್ಲಿ ನಗುನಗುತ್ತಲೇ ಹೇಳಿದ್ದಳು. ನಾನು ನಗಲಿಲ್ಲ. ಭಾವನ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ. (ಭಾವ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ಓದಲಿ.) ಅದಾದ ಮೇಲೆ ಅವಳು ಸಮುದ್ರದ ಸುದ್ದಿಯನ್ನೇ ಎತ್ತಿರಲಿಲ್ಲ. ಮೊನ್ನೆ ಮೊನ್ನೆ ಎತ್ತಿದಾಗ ಹೇಳಿದ್ದು ಇಷ್ಟೇ: “ನೀ ಬಂದ್ರ ನಾ ಬರ್ತೀನಿ. ನೀ ನನ್ನ ಸಂಗಟ ಮೆಲ್ಲಕ ನಡೀತಿ. ಈ ಸಲ ಬಿಟ್ರ ಮುಂದ ಈ ಮೊಣಕಾಲು ನನ್ನ ಮಾತು ಕೇಳೂದಿಲ್ಲ.”

ಅವಳಿಗೆ ನೀರಿನ ಮೇಲೆ ಹೋಗುವುದೆಂದರೆ ಅಷ್ಟು ಪ್ರೀತಿ. ಅದು ಇಂದಿನದಲ್ಲ.

ನೀವು ನಂಬುತ್ತೀರೋ ಇಲ್ಲವೋ, ಅಕ್ಕ ಮೊದಲ ಸಲ ಆ ನೀಲಿ ಹಡಗು ಹತ್ತುವಾಗ ಬ್ಯಾಗಿನಲ್ಲಿ ಒಂದು ಗಂಟು ಜೋಳ ಒಯ್ದಿದ್ದಳು. ಎಕ್ಸ್‌ರೇ ಯಂತ್ರದವರು ಗಂಟು ಬಿಚ್ಚಿಸಿ, ಕಾಳು ಕೈಗೆ ಸುರಿದುಕೊಂಡು ಮೂಸಿ ನೋಡಿದರು. ಏನಿದು? ಯಾರಿಗೆ? “ಹಡಗ ನಡಸಾವಗ ರೀ,” ಎಂದಳು ಅಕ್ಕ. ಭಾವ ಬೇರೆ ಯಾರದೋ ಗಂಡನಂತೆ ಗೋಡೆ ನೋಡುತ್ತ ನಿಂತಿದ್ದರಂತೆ. ಜೋಳ ಅಲ್ಲೇ ಉಳಿಯಿತು.

ಅವಳದೇನು ತಪ್ಪು? ನಮ್ಮೂರಿನ ಲೆಕ್ಕದಲ್ಲಿ ಅದು ಸರಿಯೇ ಇತ್ತು.

ನಮ್ಮ ತವರು ಶಹಾಪುರ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅವ್ವನ ತವರು ಆಚೆ ದಂಡೆಯಲ್ಲಿ. ನಡುವೆ ಸೇತುವೆ ಇಲ್ಲದ ಕಾಲ. ದಾಟಿಸುತ್ತಿದ್ದವನು ಅಂಬಿಗರ ಸಾಬಣ್ಣ. ಅವನ ಹರಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ಊರಿನ ಮನೆಗಳು ಅವನಿಗೆ ದಾಟಿದಾಗಲೆಲ್ಲ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ, ಕಣದ ರಾಶಿಯಿಂದಲೇ ಅವನ ಪಾಲಿನ ಜೋಳ ಅಳೆದು ಹಾಕುತ್ತಿದ್ದರು. ಅದಕ್ಕೆ ಆಯ ಎನ್ನುತ್ತಿದ್ದರು. ಆಯ ಕೊಟ್ಟ ಮನೆಯವರು ವರ್ಷವಿಡೀ ಎಷ್ಟು ಸಲವಾದರೂ ದಾಟಬಹುದು. ಮೆಂಬರ್‌ಶಿಪ್ ಅಲ್ಲವೇ ಇದು?

ಸೌಲಭ್ಯ ಕೇಳಿ. ಆಯದ ಮನೆಯ ಹೆಣ್ಣುಮಕ್ಕಳಿಗೆ ಕೂರಲು ಒಣ ಕಣಿಕಿಯ ಸೂಡು ಹಾಸುತ್ತಿದ್ದ. ಜೋಳದ ದಂಟಿನ ಆ ಕಟ್ಟಿನ ಮೇಲೆ ಕೂತರೆ ಸೀರೆ ಹಸಿಯಾಗುತ್ತಿರಲಿಲ್ಲ. (ಬಾಲ್ಕನಿ ಇರುವ ಕೋಣೆ ಎಂದುಕೊಳ್ಳಿ.) ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಗಂಟನ್ನು ಅಜ್ಜಿಗೆ ತಲುಪಿಸುತ್ತಿದ್ದ, ಅಲ್ಲಿಯ ಸುದ್ದಿ ತಂದು ಮುಟ್ಟಿಸುತ್ತಿದ್ದ. ಎಳ್ಳಮಾಸೆಗೆ ಹೊಲದಲ್ಲಿ ಊಟ ನಮ್ಮದು. ನಮ್ಮ ಕ್ಯಾಪ್ಟನ್ನೇ ನಮ್ಮ ಪಾರ್ಟಿಗೆ ಬಂದು ಸಜ್ಜೆರೊಟ್ಟಿ, ಭಜ್ಜಿ ಉಂಡು ಹೋಗುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಊರಿನಿಂದ ನೀರಿನವರೆಗೆ ಉದ್ದಕ್ಕೂ ಉಸುಕು. ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾಲು ಕೀಳುತ್ತ ಬರುವಾಗ ಯಾವಾಗಲೂ ತಡ. ಹತ್ತಿ ಕೂತವರು ಗೊಣಗುತ್ತಿದ್ದರು. ಸಾಬಣ್ಣ ಹುಟ್ಟನ್ನು ಉಸುಕಿಗೆ ನೆಟ್ಟು ಅಲ್ಲಿಂದಲೇ ಕೂಗುತ್ತಿದ್ದ: “ಓಡಬ್ಯಾಡ್ರವ್ವಾ! ಮೆಲ್ಲಕ ಬರ್ರಿ. ಹೊಳಿ ಎಲ್ಲಿ ಹೋಗ್ತದ?”

ಈ ಮಾತನ್ನು ಬರೆಯುವಾಗಲೂ ಅವನ ದನಿ ಕೇಳಿದಂತಾಗುತ್ತದೆ. ಎಷ್ಟು ಸುಖದ ಮಾತು ಅದು!

ಆಮೇಲೆ ಕಾಲುವೆ ಬಂತು.

ನಾರಾಯಣಪುರದ ನೀರು ನಮ್ಮ ಹೊಲಗಳಿಗೆ ಹರಿದಾಗ ಊರಿಗೆ ಊರೇ ಕಾಲುವೆಯ ಏರಿಯ ಮೇಲೆ ನಿಂತಿತ್ತು. ಅಪ್ಪ ಅಂಗೈಯಲ್ಲಿ ನೀರು ಹಿಡಿದು ಕುಡಿದರು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡಿದ್ದ ತೆಲುಗರು ಭತ್ತದ ನಾಟಿ ಕಲಿಸಿದರು. ನೋಡನೋಡುತ್ತ ಜೋಳದ ಹೊಲಗಳೆಲ್ಲ ಗದ್ದೆಗಳಾದವು. ಆ ವರ್ಷ ಸುಗ್ಗಿಗೆ ಅಪ್ಪ ಸಾಬಣ್ಣನ ಮನೆಗೆ ಆಯವೆಂದು ಭತ್ತದ ಚೀಲ ಕಳಿಸಿದರು. ಭತ್ತಕ್ಕೆ ಜೋಳಕ್ಕಿಂತ ಬೆಲೆ ಹೆಚ್ಚು. ಕೊಡುವುದರಲ್ಲಿ ಕಡಿಮೆ ಮಾಡಲಿಲ್ಲವೆಂದು ಅಪ್ಪನಿಗೆ ಹೆಮ್ಮೆ.

ಸಂಜೆಗೆ ಸಾಬಣ್ಣ ಚೀಲ ಹೊತ್ತುಕೊಂಡು ವಾಪಸು ಬಂದ.

“ಸಿಟ್ಟಾಗಬ್ಯಾಡ್ರಿ ಗೌಡ್ರ. ಅನ್ನ ಉಂಡು ಹುಟ್ಟು ಹಾಕಾಕ ಆಗೂದಿಲ್ರಿ. ನಡು ಹೊಳ್ಯಾಗ ಹಸಿವಾಗ್ತದ. ನನಗ ರೊಟ್ಟಿ ಬೇಕ್ರಿ.”

ಅಪ್ಪನಿಗೆ ಅವಮಾನವಾಯಿತು. ಅತ್ತ ಕೆಳಗಿನ ದಂಡೆಯಲ್ಲಿ ಹಯ್ಯಾಳಪ್ಪ ಎಂಬ ಇನ್ನೊಬ್ಬ ಅಂಬಿಗನಿದ್ದ. ಅವನು ಭತ್ತವೆಂದರೆ ಬೇಡವೆನ್ನುತ್ತಿರಲಿಲ್ಲ. ಪೇಟೆಗೆ ಮಾರಿ ಹೊಸ ಟ್ರಾನ್ಸಿಸ್ಟರ್ ತಂದಿದ್ದ. ಹರಗೋಲಿನಲ್ಲಿ ರೇಡಿಯೋ! ಮೇಲೆ ನೆರಳಿಗೆ ಬಣ್ಣದ ಕೊಡೆ! ಒಂದೊಂದೇ ಮನೆ ಅವನ ಕಡೆ ವಾಲಿತು. ನಾವಿಬ್ಬರೂ ಅಪ್ಪನ ಬೆನ್ನು ಬಿದ್ದೆವು, ನಾವೂ ರೇಡಿಯೋ ಹರಗೋಲಿಗೆ ಹೋಗೋಣ ಎಂದು. ಅಪ್ಪನೂ ಅರ್ಧ ಮನಸ್ಸು ಮಾಡಿದ್ದರು.

ಅವ್ವ ಬಿಲ್‌ಕುಲ್ ಒಪ್ಪಲಿಲ್ಲ.

ಒಪ್ಪದಿರಲು ಕಾರಣವಿತ್ತು. ಅದಕ್ಕೂ ಹಿಂದೆ ಒಂದು ಮಳೆಗಾಲದಲ್ಲಿ ಆಚೆ ದಂಡೆಯ ಅಜ್ಜಿಗೆ ಜ್ವರ ವಿಪರೀತವಾಗಿತ್ತು. ಹೊಳೆ ಕೆಂಪಾಗಿ ಏರುತ್ತಿತ್ತು. ದಾಟಿಸು ಎಂದು ಅವ್ವ ಸಾಬಣ್ಣನ ಕಾಲು ಹಿಡಿಯುವುದೊಂದು ಬಾಕಿ. ಅವನು ಆಗುವುದಿಲ್ಲ ಎಂದ. “ನಿಮ್ಮನ್ನ ಮುಳಗಸಾಕ ಆಯ ತಗೊಂಡೀನೇನ್ರಿ ಅಕ್ಕಾರ?” ಎಂದ. ಆದರೆ ಹಿಂದಿನ ದಿನದ ಕೊನೆಯ ಖೇಪಿನಲ್ಲೇ, ಹೊಳೆ ಏರುವುದನ್ನು ಕಂಡು, ಆಚೆಯವರಿಗೆ ಒಂದು ಮಾತು ಹೇಳಿ ಬಂದಿದ್ದ: ಮುದುಕಿ ಗಂಜಿ ಕುಡಿದ ದಿನ ದಂಡೆಯ ಬೇವಿನ ಮರಕ್ಕೆ ಕೆಂಪು ಸೀರೆ ಕಟ್ಟಬೇಕು. ಹೊಳೆ ಇಳಿಯುವವರೆಗೂ ಅವನು ಬೆಳಗಾದರೆ ದಂಡೆಗೆ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ನಮ್ಮ ಬಾಗಿಲಿಗೆ ಬರುತ್ತಿದ್ದ.

“ಕೆಂಪು ಕಾಣಾಕತ್ತದ್ರಿ ಅಕ್ಕಾರ. ಹೊಟ್ಟಿತುಂಬ ಉಣ್ರಿ.”

ಅವ್ವ ಆ ಮಾತು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಅಜ್ಜಿ ಬದುಕಿಕೊಂಡಳು. ಈಗ ಹೇಳಿ, ಇದರ ಮುಂದೆ ರೇಡಿಯೋ ಯಾವ ಲೆಕ್ಕ?

ಕಾಲುವೆಯ ನೀರು ಏರದ ಒಂದು ದಿಬ್ಬ ನಮ್ಮ ಹೊಲದ ಮೂಲೆಯಲ್ಲಿತ್ತು. ಕಲ್ಲು ನೆಲ. ಅವ್ವ ಅಲ್ಲಿ ಜೋಳ ಬಿತ್ತಿಸಿದಳು. ಸುತ್ತಲೂ ಹಸಿರು ಗದ್ದೆ, ನಡುವೆ ಅಷ್ಟಗಲ ಜೋಳ. ನೋಡಿದವರು ನಗುತ್ತಿದ್ದರು. ನಾವು ಅದಕ್ಕೆ ಸಾಬಣ್ಣನ ಹೊಲ ಎಂದೇ ಕರೆಯುತ್ತಿದ್ದೆವು.

ಕೆಲ ಕಾಲಕ್ಕೆ ಸೇತುವೆಯೂ ಆಯಿತು. ಬಸ್ಸು ಬಂತು. ಹಯ್ಯಾಳಪ್ಪ ರೇಡಿಯೋ ಸಮೇತ ಹೋಟೆಲ್ ಇಟ್ಟ. ಸಾಬಣ್ಣನ ಹರಗೋಲು ಅವನ ಮನೆಯ ಮುಂದೆ ಬೋರಲು ಬಿತ್ತು, ಅದರ ಮೇಲೆ ಮೆಣಸಿನಕಾಯಿ ಒಣಗತೊಡಗಿತು. ಆ ಸುಗ್ಗಿಗೂ ಅವ್ವ ಜೋಳ ಅಳೆಸಿದಳು. ಸಾಬಣ್ಣ ನಾಚಿಕೊಂಡು ನಿಂತ.

“ಇನ್ನ ಬ್ಯಾಡ್ರಿ ಅಕ್ಕಾರ. ನಾ ಯಾರನ್ನ ದಾಟಸ್ತೀನಿ ಈಗ?”

“ಹರಗೋಲು ಹೋದ್ರ ನೀನೂ ಹೋದೇನು? ಚೀಲ ಹಿಡಿ,” ಎಂದಳು ಅವ್ವ. ಅವನು ಇರುವತನಕ ಕೊಟ್ಟಳು.

ಈ ಕಥೆಯನ್ನೆಲ್ಲ ಮೊನ್ನೆ ಪಡಸಾಲೆಯಲ್ಲಿ ನಾನೂ ಅಕ್ಕನೂ ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಹೇಳಿದೆವು. ಬೀಗರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಭಾವ ಕೆಮ್ಮಿದರು. ಆಮೇಲೆ ಬಹಳ ಮೆತ್ತಗೆ, “ನಮ್ಮ ಕಂಪನ್ಯಾಗ ಎರಡ ವರ್ಷ ಹೋಗಲಿಲ್ಲಂದ್ರ ಪಾಯಿಂಟ್ ಸತ್ತು ಹೋಗ್ತಾವ,” ಎಂದರು. “ನಮ್ಮಲ್ಲಿ ಮೂರ ವರ್ಷ ನಡೀತದ,” ಎಂದರು ಬೀಗರು. ಮತ್ತೆ ಶುರು!

ಅಕ್ಕ ನನ್ನ ಕಡೆ ಕೈ ಚಾಚಿದಳು. “ಆ ಟಿಕೆಟ್ ಮಾಡೋ ಹುಡುಗಿಗಿ ಫೋನ್ ಹಚ್ಚು.”

ಹಚ್ಚಿದೆ, ಸ್ಪೀಕರಿಗೆ ಹಾಕಿದೆ. ಎರಡೂ ಹಡಗಿಗೆ ಟಿಕೆಟ್ ಮಾಡಿಸುವ ಹುಡುಗಿ ಅವಳು, ಬೆಂಗಳೂರು ಕನ್ನಡ. ಅಕ್ಕ ಫೋನಿನತ್ತ ಬಾಗಿ ಒಂದೇ ಪ್ರಶ್ನೆ ಕೇಳಿದಳು.

“ಯವ್ವಾ, ನಾ ಬರೂದು ತಡ ಆದ್ರ ಹಡಗ ನಿಂದರ್ತದೇನು?”

“ಸಾರಿ ಮೇಡಂ, ಟೈಮ್ ಆದ್ರೆ ಶಿಪ್ ಯಾರಿಗೂ ವೇಟ್ ಮಾಡಲ್ಲ.”

“ಗೋಲ್ಡ್ ಇದ್ರ?”

“ಇಲ್ಲ ಮೇಡಂ.”

“ಡೈಮಂಡ್?”

“ಯಾರಿಗೂ ಇಲ್ಲ ಮೇಡಂ. ಎರಡೂ ಕಂಪನೀಲಿ ರೂಲ್ ಅದೇ.”

ಗೋಲ್ಡ್ ಡೈಮಂಡಿನ ಮುಖ ನೋಡಿತು. ಡೈಮಂಡ್ ಚಹಾದ ಖಾಲಿ ಕಪ್ಪನ್ನೇ ಮತ್ತೊಮ್ಮೆ ಕುಡಿಯಿತು.

“ಹಂಗಾದ್ರ ಯಾವದಾದ್ರೂ ಅಷ್ಟ,” ಎಂದಳು ಅಕ್ಕ. “ಬೀಗರ, ನಿಮ್ಮ ಬಿಳಿ ಹಡಗಕ್ಕ ಮಾಡಸ್ರಿ. ನಮ್ಮ ನೀಲಿದು ನೋಡಿ ಆಗ್ಯದ.”

ಬೀಗರು ಗೆದ್ದೆನೆಂದು ಮೀಸೆ ಮುಟ್ಟಿಕೊಳ್ಳಲೂ ಇಲ್ಲ. ಭಾವನಿಗೆ ಆದ ನಷ್ಟ ಸಣ್ಣದೇ? ಬಿಳಿ ಹಡಗಿನಲ್ಲಿ ಅವರು ಏನೂ ಅಲ್ಲ, ನನ್ನ ಹಾಗೆ ಹೊಸಬರು. ಆದರೂ ಅವರು ವಾದಕ್ಕಿಳಿಯಲಿಲ್ಲ. ಕಾರ್ಡನ್ನು ಜೇಬಿಗಿಟ್ಟುಕೊಂಡು ಎದ್ದು ಬಂದು, ಎಣ್ಣೆಯ ಬಟ್ಟಲನ್ನು ಅಕ್ಕನ ಕೈಗೆಟುಕುವಂತೆ ಸರಿಸಿಟ್ಟರು. ಭಾವನನ್ನು ಅಷ್ಟು ಮೆತ್ತಗೆ ನಾನು ಎಂದೂ ಕಂಡಿರಲಿಲ್ಲ. ಪಾಪ ಅನಿಸಿತು, ಸುಳ್ಳೇಕೆ ಹೇಳಲಿ.

“ಈ ಸಲ ನಿನ್ನ ಸಂಗಟ ನಾನ ನಡೀತೀನಿ ತಗೋ,” ಎಂದರು.

ಅಕ್ಕ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು.

“ಬಿಳಿ ಹಡಗದ ಕ್ಯಾಪ್ಟನ್ನೂ ನಿಮ್ಮನ್ನ ಪಾರ್ಟಿಗಿ ಕರದ್ರ?”